ಹಾಳೆಯಲ್ಲಿ ನಿಂತ ನೀರು

ಅಡಿಕೆ ಮರದಿಂದ ಕಳಚಿದ ಸೋಗೆ ತೋಟದಲ್ಲಿ ಅಂಗಾತ ಬಿದ್ದಾಗ ಅದರ ಬುಡದ ಹಾಳೆ ಸಣ್ಣ ದೋಣಿಯಂತೆ ಬಾಯ್ದೆರೆದುಕೊಂಡಿರುತ್ತದೆ. ಒಂದು ಮಳೆ ಬಂದರೆ ಅದರಲ್ಲಿ ಲೋಟದಷ್ಟು ನೀರು ನಿಲ್ಲುತ್ತದೆ. ಮೇಲೆ ದಟ್ಟ ನೆರಳು, ಕೆಳಗೆ ಒದ್ದೆ ನೆಲ. ಆ ನೀರು ವಾರ ಕಳೆದರೂ ಆರುವುದಿಲ್ಲ. ಏಳೆಂಟು ದಿನಗಳ ಬಳಿಕ ಬಗ್ಗಿ ನೋಡಿದವರಿಗೆ, ಚಹದ ಬಣ್ಣಕ್ಕೆ ತಿರುಗಿದ ಆ ನೀರಿನಲ್ಲಿ ತಲೆಕೆಳಗಾಗಿ ತೂಗುತ್ತ, ನೆರಳು ಬಿದ್ದೊಡನೆ ನುಲಿಯುತ್ತ ತಳಕ್ಕಿಳಿಯುವ ಮರಿಹುಳುಗಳು ಕಾಣಿಸುತ್ತವೆ. ಮಲೆನಾಡಿನ ತೋಟದ ಊರುಗಳಲ್ಲಿ ಡೆಂಗಿ ಮತ್ತು ಚಿಕುನ್‌ಗುನ್ಯಾ ಜ್ವರಗಳ ಕಥೆ ಅನೇಕ ವೇಳೆ ಇಲ್ಲಿಂದಲೇ ಆರಂಭವಾಗುತ್ತದೆ. ಜ್ವರ ಬಂದಾಗ ಮಾತ್ರ ಊರಿನವರ ಬೆರಳು ಬೇರೆಡೆಗೆ ತಿರುಗುತ್ತದೆ: ಕಾಡಿನ ಕಡೆಗೆ, ಪೇಟೆಯ ಚರಂಡಿಯ ಕಡೆಗೆ, ಫಾಗಿಂಗ್ ಯಂತ್ರ ಕಳುಹಿಸದ ಪಂಚಾಯಿತಿಯ ಕಡೆಗೆ.

ಮಲೆನಾಡಿಗರ ಮನಸ್ಸಿನಲ್ಲಿ ಜ್ವರವೆಂದರೆ ಕಾಡಿನಿಂದ ಬರುವಂಥದ್ದು. ಈ ನಂಬಿಕೆಗೆ ಕಾರಣವಿಲ್ಲದಿಲ್ಲ. ಕಳೆದ ಶತಮಾನದ ಮಧ್ಯಭಾಗದವರೆಗೆ ಮಲೇರಿಯಾ ಈ ಸೀಮೆಯ ಎಷ್ಟೋ ಊರುಗಳನ್ನು ಬರಿದುಮಾಡಿತ್ತು. ಅದನ್ನು ಹರಡುತ್ತಿದ್ದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಹುಟ್ಟುತ್ತಿದ್ದುದು ಹರಿಯುವ ಹಳ್ಳ, ಝರಿಗಳ ಅಂಚಿನ ತಿಳಿನೀರಿನಲ್ಲಿ. ಮುಂದೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಕಾಣಿಸಿಕೊಳ್ಳುವುದು ಮಳೆಗಾಲದಲ್ಲಲ್ಲ, ಹೆಚ್ಚಾಗಿ ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ. ಆದರೂ ಕಾಡೆಂದರೆ ಜ್ವರ ಎಂಬ ಎಣಿಕೆ ಇನ್ನಷ್ಟು ಗಟ್ಟಿಯಾಯಿತು. ಮಲೇರಿಯಾವನ್ನು ಹಿಮ್ಮೆಟ್ಟಿಸಿದ್ದು ಡಿಡಿಟಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಬಳಿಕ ಪಂಪು ಹೊತ್ತವರು ಮನೆಮನೆಗೆ ಬಂದು ಗೋಡೆಗಳಿಗೆ ಔಷಧಿ ಹೊಡೆದರು, ಜ್ವರ ತಗ್ಗಿತು. ಹಿರಿಯರ ನೆನಪಿನಲ್ಲಿ ಇದರಿಂದ ಎರಡು ಪಾಠಗಳು ಉಳಿದುಕೊಂಡವು: ರೋಗ ಇರುವುದು ಹೊರಗೆ, ಕಾಡಿನಲ್ಲಿ, ಅದನ್ನು ಓಡಿಸುವುದು ಸರ್ಕಾರದ ಔಷಧಿ. ಡೆಂಗಿ ಮತ್ತು ಚಿಕುನ್‌ಗುನ್ಯಾದ ವಿಷಯದಲ್ಲಿ ಈ ಎರಡು ಪಾಠಗಳೂ ದಾರಿ ತಪ್ಪಿಸುತ್ತವೆ.

ಡಿಡಿಟಿ ಗೆದ್ದದ್ದಕ್ಕೆ ಒಂದು ಸರಳ ಕಾರಣವಿತ್ತು. ಮಲೇರಿಯಾದ ಆ ಸೊಳ್ಳೆ ರಾತ್ರಿ ಮನೆಯೊಳಗೆ ಬಂದು ರಕ್ತ ಹೀರಿ, ಹೊಟ್ಟೆ ಭಾರವಾದ ಮೇಲೆ ಗೋಡೆಯ ಮೇಲೆ ಕುಳಿತು ವಿಶ್ರಮಿಸುತ್ತಿತ್ತು, ಗೋಡೆಯಲ್ಲಿ ವಿಷವಿತ್ತು. ಡೆಂಗಿ ಹರಡುವ ಈಡಿಸ್ ಸೊಳ್ಳೆಗಳ ನಡತೆ ಇದಕ್ಕೆ ತದ್ವಿರುದ್ಧ. ಇವು ಕಚ್ಚುವುದು ಹಗಲಿನಲ್ಲಿ, ಅದರಲ್ಲಿಯೂ ಬೆಳಗಿನ ಹೊತ್ತು ಮತ್ತು ಸೂರ್ಯ ಮುಳುಗುವ ಮುನ್ನ. ಇವುಗಳಲ್ಲಿ ಈಡಿಸ್ ಈಜಿಪ್ಟೈ ಎಂಬುದು ಪೇಟೆಯದು. ಮನೆಯೊಳಗಿನ ಕತ್ತಲ ಮೂಲೆ, ತೂಗುಹಾಕಿದ ಬಟ್ಟೆಗಳ ಮರೆ ಅದಕ್ಕೆ ಪ್ರಿಯ. ಇನ್ನೊಂದು ಈಡಿಸ್ ಆಲ್ಬೋಪಿಕ್ಟಸ್. ಮೈಮೇಲೆ ಕಪ್ಪು ಬಿಳುಪಿನ ಪಟ್ಟೆ, ಬೆನ್ನ ನಡುವೆ ಎಳೆದಂತೆ ಒಂದೇ ಬಿಳಿಗೆರೆ ಇರುವ ಇದಕ್ಕೆ ಹುಲಿಸೊಳ್ಳೆಯೆಂದೂ ಹೆಸರಿದೆ. ತೋಟಗಳ ಸೊಳ್ಳೆ ಇದೇ. ಇದು ಹುಟ್ಟುವುದು, ಕಚ್ಚುವುದು, ವಿಶ್ರಮಿಸುವುದು ಹೆಚ್ಚಾಗಿ ಮನೆಯ ಹೊರಗೆ, ಗಿಡಗಂಟಿಗಳ ತಂಪಿನಲ್ಲಿ. ಗೋಡೆಗೆ ಏನನ್ನು ಬಳಿದರೂ ಇದಕ್ಕೆ ಹೆಚ್ಚು ತೊಂದರೆಯಿಲ್ಲ. ಇವೆರಡೂ ಹರಿಯುವ ಹಳ್ಳದಲ್ಲಿ ಮೊಟ್ಟೆಯಿಡುವುದಿಲ್ಲ, ಗದ್ದೆಯ ವಿಶಾಲ ನೀರನ್ನೂ ಬಯಸುವುದಿಲ್ಲ. ಇವುಗಳಿಗೆ ಬೇಕಾದುದು ಅಲುಗಾಡದ ಸ್ವಲ್ಪ ನೀರು, ಆ ನೀರಿಗೊಂದು ಗೋಡೆ.

ಚಿಕುನ್‌ಗುನ್ಯಾದ ಪ್ರಯಾಣವನ್ನು ಗಮನಿಸಿದರೆ ತೋಟಕ್ಕೂ ಜ್ವರಕ್ಕೂ ಇರುವ ನಂಟು ಸ್ಪಷ್ಟವಾಗುತ್ತದೆ. ಆಫ್ರಿಕಾದ ಟಾಂಗನೀಕದಲ್ಲಿ, ಅಂದರೆ ಈಗಿನ ತಾಂಜಾನಿಯದಲ್ಲಿ, 1952-53ರಲ್ಲಿ ಈ ರೋಗವನ್ನು ಮೊದಲು ಗುರುತಿಸಲಾಯಿತು. ಕೀಲುನೋವಿನಿಂದ ಮನುಷ್ಯ ಬಾಗಿಹೋಗುವುದನ್ನು ಸೂಚಿಸುವ ಅಲ್ಲಿನ ಮಾಕೊಂಡೆ ಭಾಷೆಯ ಪದವೇ ಅದರ ಹೆಸರಾಯಿತು. (ಹೆಸರಿನಲ್ಲಿ ಕೋಳಿಯನ್ನು ಕಂಡು ‘ಚಿಕನ್ ಗುನ್ಯ’ ಎಂದವರು ಕಡಿಮೆಯಲ್ಲ, ಕೋಳಿಗೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲ.) ಭಾರತಕ್ಕೆ ಅದು 1963ರಲ್ಲಿ ಕಲ್ಕತ್ತೆಯ ಮೂಲಕ ಬಂತು, ಮರುವರ್ಷ ಮದರಾಸಿನಲ್ಲಿ ಕಾಣಿಸಿತು, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಮತ್ತೊಮ್ಮೆ ತಲೆಯೆತ್ತಿ, ಆಮೇಲೆ ಮೂವತ್ತು ವರ್ಷಗಳಿಗೂ ಮಿಕ್ಕಿ ಸದ್ದಡಗಿತು. 2005ರ ಕೊನೆಯಲ್ಲಿ ಮರಳಿದ ಅದು 2006ರಲ್ಲಿ ದೇಶದಾದ್ಯಂತ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಿಗೆ ಕಾರಣವಾಯಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ಆ ವರ್ಷದ ಹಾವಳಿ ಮುಖ್ಯವಾಗಿ ಬಯಲುಸೀಮೆಯದು. ನೀರಿನ ಬರದಿಂದಾಗಿ ಡ್ರಮ್ಮು, ತೊಟ್ಟಿಗಳಲ್ಲಿ ದಿನಗಟ್ಟಲೆ ನೀರು ತುಂಬಿಡುವ ಊರುಗಳಲ್ಲಿ ಈಜಿಪ್ಟೈ ಸೊಳ್ಳೆ ಹುಲುಸಾಗಿ ಬೆಳೆಯಿತು.

ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಬೇರೊಂದು ಬೆಳವಣಿಗೆ ನಡೆದಿತ್ತು. ಅಲ್ಲಿ 2005-06ರಲ್ಲಿ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೆ ಈ ಜ್ವರ ತಗುಲಿತು. ಹರಡಿದ್ದು ಈಜಿಪ್ಟೈ ಅಲ್ಲ, ಹುಲಿಸೊಳ್ಳೆ. ವೈರಸ್ಸಿನ ಹೊದಿಕೆಯ ಒಂದು ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ, ಅದು ಹುಲಿಸೊಳ್ಳೆಯ ಒಡಲಲ್ಲಿ ಮೊದಲಿಗಿಂತ ಸುಲಭವಾಗಿ ವೃದ್ಧಿಸತೊಡಗಿತ್ತು. 2007ರಲ್ಲಿ ಕೇರಳದ ರಬ್ಬರ್ ಸೀಮೆಯಲ್ಲಿ ಚಿಕುನ್‌ಗುನ್ಯಾ ಭುಗಿಲೆದ್ದಾಗ ಅಲ್ಲಿನ ವೈರಸ್ಸಿನಲ್ಲಿಯೂ ಇದೇ ಬದಲಾವಣೆ ಕಂಡುಬಂತು. ಮರುವರ್ಷ, 2008ರಲ್ಲಿ, ದಕ್ಷಿಣ ಕನ್ನಡದ ಸರದಿ. ಪುತ್ತೂರು, ಸುಳ್ಯ ಸೀಮೆಯ ಅಡಿಕೆ, ರಬ್ಬರ್, ಕೋಕೋ ತೋಟಗಳ ನಡುವೆ ಬದುಕುವ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಮಲಗಿದ ದಿನಗಳನ್ನು ಅಲ್ಲಿನವರು ಮರೆತಿಲ್ಲ. ಜ್ವರವೇನೋ ವಾರದಲ್ಲಿ ಬಿಡುತ್ತದೆ. ಕೀಲುನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಮರ ಹತ್ತುವ ಕೊನೆಗೌಡನಿಗೆ ಮಣಿಕಟ್ಟು ಮಡಚಲಾಗದಿದ್ದರೆ, ರಬ್ಬರ್ ಕೊಯ್ಯುವವನಿಗೆ ಬೆಳಿಗ್ಗೆ ಕತ್ತಿ ಹಿಡಿಯಲಾಗದಿದ್ದರೆ ಆ ವರ್ಷದ ಗಳಿಕೆಯೇ ಹೋದಂತೆ. ಸಾವಿನ ಲೆಕ್ಕವನ್ನಷ್ಟೇ ಬರೆದುಕೊಳ್ಳುವ ವರದಿಗಳಲ್ಲಿ ಈ ನಷ್ಟ ಕಾಣುವುದಿಲ್ಲ.

ಈಗ ಅಡಿಕೆ ತೋಟದ ಲೆಕ್ಕ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರಗಳು ಹಿಡಿಯುತ್ತವೆ. ಮರವೊಂದು ವರ್ಷಕ್ಕೆ ಐದಾರು ಸೋಗೆಗಳನ್ನು ಕಳಚುತ್ತದೆ ಎಂದಿಟ್ಟುಕೊಂಡರೂ ಎಕರೆಗೆ ಎರಡೂವರೆ ಮೂರು ಸಾವಿರ ಹಾಳೆಗಳಾದವು. ಎಲ್ಲವೂ ಅಂಗಾತ ಬೀಳುವುದಿಲ್ಲ, ಎಲ್ಲವೂ ಮಳೆಗಾಲದಲ್ಲಿಯೇ ಬೀಳುವುದಿಲ್ಲ. ಹತ್ತರಲ್ಲಿ ಒಂದು ನೀರು ಹಿಡಿದರೂ ಅದು ಸಣ್ಣ ಸಂಖ್ಯೆಯಲ್ಲ. ಹಿಂದೆ ಇವು ತೋಟದಲ್ಲಿ ಬಹಳ ದಿನ ಬಿದ್ದಿರುತ್ತಿರಲಿಲ್ಲ. ಸೋಗೆಯನ್ನು ಸೂರಿಗೆ ಹೊದಿಸುತ್ತಿದ್ದರು, ಗೋಡೆಗೆ ಇರಚಲು ಬಡಿಯದಂತೆ ತಟ್ಟಿ ಕಟ್ಟುತ್ತಿದ್ದರು. ಹಾಳೆಯನ್ನು ಕೊಚ್ಚಿ ದನಗಳಿಗೆ ಹಾಕುತ್ತಿದ್ದರು, ಅದರಿಂದ ಟೊಪ್ಪಿ ಮಾಡುತ್ತಿದ್ದರು. ಹಾಳೆಯ ಮೇಲೆ ಕೂರಿಸಿ ಎಳೆದಾಡದ ಮಕ್ಕಳಿರಲಿಲ್ಲ. ಈಗ ಸೂರಿಗೆ ತಗಡು ಬಂತು, ಕೊಟ್ಟಿಗೆಯಲ್ಲಿ ದನ ಕಡಿಮೆಯಾಯಿತು, ಆಳು ಸಿಗುವುದು ಕೊಯ್ಲಿಗೇ ಕಷ್ಟವಾಯಿತು. ಇನ್ನೊಂದೆಡೆ ಅಡಿಕೆ ಗದ್ದೆಗಳಿಗೆ ಇಳಿಯಿತು, ಗುಡ್ಡಗಳಿಗೆ ಹತ್ತಿತು. ತೋಟ ಹೆಚ್ಚಿತು, ಹಾಳೆ ಹೆಕ್ಕುವ ಕೈ ಕಡಿಮೆಯಾಯಿತು. ಏಕಬೆಳೆಯ ದುಷ್ಪರಿಣಾಮಗಳನ್ನು ಕುರಿತು ಮಾತನಾಡುವಾಗ ಮಣ್ಣು, ನೀರು, ಬೆಲೆಯ ಏರಿಳಿತಗಳು ಪ್ರಸ್ತಾಪವಾಗುತ್ತವೆ, ಸೊಳ್ಳೆ ಪ್ರಸ್ತಾಪವಾಗುವುದಿಲ್ಲ. ಆಗಬೇಕು.

ಅಡಿಕೆಯೊಂದೇ ತಪ್ಪಿತಸ್ಥನೆಂದಲ್ಲ. ರಬ್ಬರ್ ಕೊಯ್ಲು ನಿಂತಾಗ ಮರಕ್ಕೆ ಕಟ್ಟಿದ ಗೆರಟೆಗಳನ್ನು ಹಾಗೆಯೇ ಬಿಟ್ಟರೆ ಪ್ರತಿ ಮರವೂ ಒಂದು ಬಟ್ಟಲು ನೀರು ಹಿಡಿದು ನಿಲ್ಲುತ್ತದೆ. ಇಲಿ, ಅಳಿಲು ಕೊರೆದು ತಿಂದುಬಿಟ್ಟ ಕೋಕೋ ಕಾಯಿ ಮರದಲ್ಲಿಯೇ ತೂಗುತ್ತ ಮಳೆನೀರು ತುಂಬಿಕೊಳ್ಳುತ್ತದೆ. ಅಂಗಳದಂಚಿನ ಹಳೆಯ ಒರಳು, ಬೋರ್ಡೋ ದ್ರಾವಣ ಕದಡಿದ ಡ್ರಮ್ಮು, ಕಟ್ಟಿಗೆಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯ ಮಡಿಕೆ, ಜೀಪಿನ ಹಳೆಯ ಟಯರು, ಎಲೆ ಕಟ್ಟಿಕೊಂಡ ತಗಡಿನ ದೋಣಿ, ಮುಚ್ಚಳ ಹಾರಿಹೋದ ಸಿಂಟೆಕ್ಸ್ ಟ್ಯಾಂಕು, ಫ್ರಿಜ್ಜಿನ ಹಿಂದಿನ ತಟ್ಟೆ, ಹೋಮ್‌ಸ್ಟೇಗಳ ಸುತ್ತ ಎಸೆದ ಲೋಟಗಳು — ಮಲೆನಾಡಿನ ಯಾವ ಮನೆಯಲ್ಲಿಯೂ ಈ ಪಟ್ಟಿಯ ಅರ್ಧವಾದರೂ ಸಿಗುತ್ತದೆ. ಕಾಫಿ ತೋಟಗಳ ಲೈನ್ ಮನೆಗಳ ಸ್ಥಿತಿ ಬೇರೆಯೇ. ಅಲ್ಲಿ ನಲ್ಲಿಯಲ್ಲಿ ದಿನವೂ ನೀರು ಬಾರದಿದ್ದರೆ ಕಾರ್ಮಿಕರು ಕೊಡ, ಪೀಪಾಯಿಗಳಲ್ಲಿ ತುಂಬಿಡಲೇಬೇಕು. ನೀರು ಕೊಡದ ಮಾಲೀಕ ಪೀಪಾಯಿ ಮುಚ್ಚಲಿಲ್ಲವೆಂದು ಕಾರ್ಮಿಕನನ್ನು ಗದರುವುದು ನ್ಯಾಯವಲ್ಲ.

ಕಾಡನ್ನು ಕುರಿತ ಆಪಾದನೆಯಲ್ಲಿ ಒಂದಂಶ ನಿಜವಿದೆ. ಹುಲಿಸೊಳ್ಳೆ ಮೂಲತಃ ಏಷ್ಯಾದ ಕಾಡುಗಳದು. ಮರದ ಪೊಟರೆ, ಕಡಿದ ಬಿದಿರಿನ ಮೋಟು ಇವು ಅದರ ಹಳೆಯ ತೊಟ್ಟಿಲುಗಳು. ಆದರೆ ಆ ಪೊಟರೆಗಳಲ್ಲಿ ಅದೊಂದೇ ಇರುವುದಿಲ್ಲ. ಟಾಕ್ಸೊರಿಂಕೈಟಿಸ್ ಎಂಬ ದೈತ್ಯ ಸೊಳ್ಳೆಯ ಮರಿಗಳೂ ಅಲ್ಲಿರುತ್ತವೆ. ಅವು ಬೇರೆ ಸೊಳ್ಳೆಗಳ ಮರಿಗಳನ್ನು ಹಿಡಿದು ತಿನ್ನುತ್ತವೆ. ಬೆಳೆದ ಮೇಲೆ ಹೂವಿನ ಮಕರಂದವನ್ನಷ್ಟೇ ಹೀರಿ ಬದುಕುತ್ತವೆ, ಯಾರನ್ನೂ ಕಚ್ಚುವುದಿಲ್ಲ. ಅಂಗಳದ ಟಯರಿಗೆ ಇಂಥ ಕಾವಲುಗಾರರು ಬಂದು ನೆಲೆಸುವುದು ವಿರಳ. ಜ್ವರದ ನೆಪದಲ್ಲಿ ಮನೆ ಸುತ್ತಲಿನ ಮರ ಕಡಿಸುವವರು, ಬೆಟ್ಟದ ಅಂಚಿನ ಕುರುಚಲಿಗೆ ಬೆಂಕಿ ಕೊಡುವವರು ತೊಟ್ಟಿಲನ್ನು ಬಿಟ್ಟು ಕಾವಲನ್ನು ಕೆಡಿಸುತ್ತಿದ್ದಾರೆ.

ಫಾಗಿಂಗಿನ ಮಾತಿಗೆ ಬಂದರೆ, ಅದು ಮಾಡುವುದೇನು ಎಂಬುದನ್ನು ಸರಿಯಾಗಿ ತಿಳಿಯಬೇಕು. ಹೊಗೆ ಆವರಿಸಿದ ಆ ಹೊತ್ತಿನಲ್ಲಿ ಅದಕ್ಕೆ ಸಿಕ್ಕಿದ ಹಾರುವ ಸೊಳ್ಳೆ ಸಾಯುತ್ತದೆ. ಹಾಳೆಯೊಳಗಿನ ಮರಿಹುಳುವಿಗೆ, ನಾಳೆ ಹಾರಲಿರುವ ಕೋಶಕ್ಕೆ ಅದು ತಟ್ಟುವುದಿಲ್ಲ. ಮರುದಿನವೇ ಹೊಸ ಸೊಳ್ಳೆಗಳು ಸಿದ್ಧ. ಜ್ವರ ಭುಗಿಲೆದ್ದ ಕೇರಿಯಲ್ಲಿ, ರೋಗಿಗಳಿರುವ ಮನೆಗಳ ಸುತ್ತ ತುರ್ತಿಗೆಂದು ಮಾಡಿದರೆ ಅದಕ್ಕೊಂದು ಅರ್ಥವಿದೆ. ಮಳೆಗಾಲವಿಡೀ ರಸ್ತೆಯುದ್ದಕ್ಕೆ ಹೊಗೆ ಬಿಟ್ಟುಕೊಂಡು ಹೋಗುವುದು ಕೆಲಸ ನಡೆಯುತ್ತಿದೆ ಎಂದು ತೋರಿಸುವ ಮೆರವಣಿಗೆ ಮಾತ್ರ. ಮೆರವಣಿಗೆಗೂ ವೆಚ್ಚವಿದೆ. ಮಲಾಥಿಯಾನ್ ಆಗಲಿ ಪೈರೆಥ್ರಾಯ್ಡ್‌ಗಳಾಗಲಿ ಜೇನುನೊಣಕ್ಕೆ ತೀವ್ರ ವಿಷ. ಪೈರೆಥ್ರಾಯ್ಡ್‌ಗಳು ಮೀನಿಗೂ ವಿಷ. ಏಲಕ್ಕಿ ಹೂ ಬಿಡುವುದು ಇದೇ ಮಳೆಯ ತಿಂಗಳುಗಳಲ್ಲಿ, ಕಾಯಿ ಕಟ್ಟುವುದು ಜೇನುನೊಣದಿಂದ. ಏಲಕ್ಕಿ ಬೆಳೆಗಾರನೇ ಫಾಗಿಂಗಿಗಾಗಿ ಪಂಚಾಯಿತಿಗೆ ಅರ್ಜಿ ಕೊಡುವುದು ವಿಚಿತ್ರ.

ಔಷಧಿಗಳ ಯುಗಕ್ಕೂ ಹಿಂದೆ ಈ ಸೊಳ್ಳೆಯನ್ನು ಒಂದು ಊರು ಸೋಲಿಸಿದ ನಿದರ್ಶನವಿದೆ. ಡಿಡಿಟಿಯ ಕೀಟನಾಶಕ ಗುಣ ತಿಳಿಯುವುದಕ್ಕೆ ದಶಕಗಳ ಮೊದಲು, 1901ರಲ್ಲಿ, ಕ್ಯೂಬಾದ ಹವಾನಾ ನಗರದಲ್ಲಿ ಈಜಿಪ್ಟೈ ಸೊಳ್ಳೆಯೇ ಹರಡುತ್ತಿದ್ದ ಹಳದಿ ಜ್ವರವನ್ನು ವೈದ್ಯ ವಿಲಿಯಂ ಗೋರ್ಗಸ್ ಅವರ ತಂಡ ಕೆಲವೇ ತಿಂಗಳುಗಳಲ್ಲಿ ಅಡಗಿಸಿತು. ರೋಗಿಯನ್ನು ಪರದೆಯೊಳಗೆ ಇಟ್ಟದ್ದು, ರೋಗಿಯ ಮನೆಗೆ ಹೊಗೆ ಹಾಕಿದ್ದು, ಮನೆಮನೆಗೆ ಹೋಗಿ ನೀರಿನ ಪಾತ್ರೆಗಳನ್ನು ಮುಚ್ಚಿಸಿದ್ದು ಅಥವಾ ಬರಿದುಮಾಡಿಸಿದ್ದು — ಇಷ್ಟೇ ಅಲ್ಲಿ ನಡೆದದ್ದು. ಮತ್ತೆ ಮತ್ತೆ ಹೋದದ್ದು ಮುಖ್ಯ.

ಮಲೆನಾಡಿಗೆ ಹವಾನಾಕ್ಕಿಲ್ಲದ ಒಂದು ಅನುಕೂಲವಿದೆ. ಈಡಿಸ್ ಸೊಳ್ಳೆ ದೂರ ಹಾರುವುದಿಲ್ಲ. ಹುಟ್ಟಿದ ಜಾಗದಿಂದ ಒಂದೆರಡು ನೂರು ಮೀಟರು ಹೋದರೆ ಹೆಚ್ಚು. ಪೇಟೆಯಲ್ಲಿ ಒಬ್ಬ ತನ್ನ ಅಂಗಳವನ್ನು ಎಷ್ಟೇ ಚೊಕ್ಕಟವಾಗಿಟ್ಟರೂ ನೆರೆಮನೆಯ ತಾರಸಿಯಿಂದ ಸೊಳ್ಳೆ ಬರುತ್ತದೆ. ಮಲೆನಾಡಿನ ಒಂಟಿಮನೆಯಲ್ಲಿ ಕಚ್ಚುವ ಈಡಿಸ್ ಬಹುಪಾಲು ಅದೇ ಮನೆಯ ಅಂಗಳದ್ದು, ಅದೇ ಮನೆಯ ತೋಟದ್ದು. ತಪ್ಪು ಹೊರಿಸಲು ನೆರೆಯವನಿಲ್ಲ ಎಂಬುದು ಮುಜುಗರದ ಸಂಗತಿಯಾದರೂ, ಒಂದು ಮನೆಯವರು ಮನಸ್ಸು ಮಾಡಿದರೆ ಆ ಮನೆಯ ಅಪಾಯ ಬಹಳಷ್ಟು ತಗ್ಗುತ್ತದೆ ಎಂಬುದೂ ಅಷ್ಟೇ ನಿಜ. ಐದಾರು ಮನೆಗಳು ಒತ್ತೊತ್ತಾಗಿರುವ ಕೇರಿಗಳಲ್ಲಿ ಎಲ್ಲರೂ ಒಂದೇ ದಿನ ಕೈಹಾಕಬೇಕು. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಹೋಗುವ ರೂಢಿ ಎಲ್ಲಿ ಉಳಿದಿದೆಯೋ ಅಲ್ಲಿ ಇದು ಹೊಸತೆನಿಸುವುದಿಲ್ಲ.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ, ತಪ್ಪದೆ ಒಂದೇ ದಿನ, ನಿಂತ ನೀರನ್ನೆಲ್ಲ ಒಣನೆಲಕ್ಕೆ ಚೆಲ್ಲಿದರೆ ಆ ಸರಣಿ ಕಡಿಯುತ್ತದೆ. ಚೆಲ್ಲಿದರಷ್ಟೇ ಸಾಲದು ಎಂಬುದನ್ನು ಬಹಳ ಮಂದಿ ಅರಿಯರು. ಈಡಿಸ್ ಮೊಟ್ಟೆಯಿಡುವುದು ನೀರಿನಲ್ಲಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಯಲ್ಲಿ. ಕಣ್ಣಿಗೆ ಬೀಳದಷ್ಟು ಸಣ್ಣ ಆ ಕಪ್ಪು ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತವೆ. ಬೇಸಿಗೆಯಲ್ಲಿ ಒಣಗಿ ಬಿದ್ದ ಡ್ರಮ್ಮು ಮೊದಲ ಮಳೆಗೆ ಮರಿಗಳಿಂದ ತುಂಬುವುದು ಹೀಗೆ. ಡ್ರಮ್ಮು, ತೊಟ್ಟಿಗಳ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಬೇಕು. ಮೊದಲ ಸುತ್ತಿಗೆ ಸರಿಯಾದ ಕಾಲ ರೋಹಿಣಿ ಮಳೆ, ಅಂದರೆ ಮೇ ತಿಂಗಳ ಕೊನೆ. ಪುನರ್ವಸು, ಪುಷ್ಯದ ಜಡಿಮಳೆಯಲ್ಲಿ ಪಾತ್ರೆಗಳು ಉಕ್ಕಿ ಹರಿದು ಮರಿಗಳು ಕೊಚ್ಚಿಹೋಗುವುದುಂಟು. ಮಳೆ ಹೊಳವಾದಾಗ, ಬಿಸಿಲು ಮಳೆ ಆಟವಾಡುವ ದಿನಗಳಲ್ಲಿ ಹೆಚ್ಚು ಎಚ್ಚರ ಬೇಕು.

ತೋಟದಲ್ಲಿ ಮೂರು ಸಾವಿರ ಹಾಳೆ ಹೆಕ್ಕುವುದು ಯಾರಿಂದಾದೀತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಎಲ್ಲವನ್ನೂ ಹೊರಗೆ ಸಾಗಿಸಬೇಕಾಗಿಲ್ಲ. ಮಣ್ಣಿಗೆ ಅವು ಬೇಕು. ತೋಟಕ್ಕೆ ಇಳಿದವರು ಕತ್ತಿಯಿಂದ ಹಾಳೆಯನ್ನು ಉದ್ದಕ್ಕೆ ಸೀಳಿ, ಮರದ ಬುಡಕ್ಕೆ ಬೋರಲು ಹಾಕಿದರೆ ಸಾಕು. ಸೀಳಿದ ಹಾಳೆ ನೀರು ಹಿಡಿಯುವುದಿಲ್ಲ, ಬೇಗ ಕೊಳೆಯುತ್ತದೆ. ಮೊದಲು ಮನೆಯ ಸುತ್ತಲಿನ ನೂರಿನ್ನೂರು ಮೀಟರಿನ ತೋಟ, ಆಚೆಗಿನದು ಆಮೇಲೆ. ಬೇಸಿಗೆಯ ಒಳ್ಳೆಯ ಹಾಳೆಗಳು ಊಟದ ತಟ್ಟೆ ಮಾಡುವ ಘಟಕಗಳಿಗೆ ಹೋಗಿ ನಾಲ್ಕು ಕಾಸು ತರುತ್ತವೆ. ರಬ್ಬರ್ ಗೆರಟೆಗಳನ್ನು ಕೊಯ್ಲು ನಿಲ್ಲಿಸಿದ ದಿನವೇ ಬೋರಲು ಹಾಕಬೇಕು, ಕೋಕೋ ಸಿಪ್ಪೆಯನ್ನು ಹೂಳಬೇಕು. ಬರಿದುಮಾಡಲಾಗದ ದೊಡ್ಡ ತೊಟ್ಟಿಗಳಲ್ಲಿ ಗಪ್ಪಿ ಮೀನು ಬಿಡಬಹುದು. ಆದರೆ ಅವನ್ನು ಹಳ್ಳ, ಕೆರೆಗಳಿಗೆ ಬಿಡಕೂಡದು. ಹೊರನಾಡಿನ ಈ ಮೀನುಗಳು ಸಹ್ಯಾದ್ರಿಯ ಸ್ವಂತ ಮೀನುಗಳಿಗೆ, ಕಪ್ಪೆಯ ಮರಿಗಳಿಗೆ ಪೈಪೋಟಿಯಾಗುತ್ತವೆ, ಮತ್ತು ಈಡಿಸ್ ಹಳ್ಳದಲ್ಲಿ ಹುಟ್ಟುವುದೂ ಇಲ್ಲ.

ಜ್ವರ ಬಂದ ಮನೆಯಲ್ಲಿ ಮರೆತುಹೋಗುವ ಸಂಗತಿಯೆಂದರೆ ಹಗಲಿನ ಸೊಳ್ಳೆಪರದೆ. ಜ್ವರದ ಮೊದಲ ನಾಲ್ಕೈದು ದಿನ ರೋಗಿಯ ರಕ್ತದಲ್ಲಿ ವೈರಸ್ಸು ತುಂಬಿರುತ್ತದೆ. ಆಗ ಕಚ್ಚಿದ ಸೊಳ್ಳೆ ಕೆಲವು ದಿನಗಳ ಬಳಿಕ ಬೇರೆಯವರಿಗೆ ಅದನ್ನು ಹಂಚುತ್ತದೆ. ಆದ್ದರಿಂದ ರೋಗಿ ಹಗಲಿನಲ್ಲಿಯೂ ಪರದೆಯೊಳಗೆ ಮಲಗಬೇಕು. ವೈರಸ್ಸನ್ನೇ ಕೊಲ್ಲುವ ಔಷಧಿ ಈ ಎರಡು ಜ್ವರಗಳಿಗೂ ಇಲ್ಲ. ಪ್ಯಾರಸಿಟಮಾಲ್, ವಿಶ್ರಾಂತಿ, ಗಂಜಿ, ಎಳನೀರು — ಇಷ್ಟೇ. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವುದು, ಪೇಟೆಯಲ್ಲಿ ನೋವಿನ ಸೂಜಿ ಹಾಕಿಸಿಕೊಂಡು ಬರುವುದು ಡೆಂಗಿಯಿದ್ದರೆ ರಕ್ತಸ್ರಾವಕ್ಕೆ ದಾರಿ. ಡೆಂಗಿಯ ನಿಜವಾದ ಅಪಾಯ ಜ್ವರ ಇಳಿದ ಮೇಲಿನ ಒಂದೆರಡು ದಿನಗಳಲ್ಲಿ. ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿನಲ್ಲಿ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಪಪ್ಪಾಯಿ ಎಲೆಯ ರಸ ಕುಡಿಸುತ್ತ ಮನೆಯಲ್ಲಿ ಕಾಯುವ ಹೊತ್ತು ಅದಲ್ಲ. ಮಲೆನಾಡಿನಲ್ಲಿ ಇಲಿಜ್ವರವೂ ಮಂಗನ ಕಾಯಿಲೆಯೂ ಇರುವುದರಿಂದ ರಕ್ತಪರೀಕ್ಷೆ ಮಾಡಿಸದೆ ಜ್ವರಕ್ಕೆ ಹೆಸರಿಡುವುದು ಸರಿಯಲ್ಲ. ಡೆಂಗಿಯಲ್ಲಿ ನಾಲ್ಕು ಬಗೆಗಳಿವೆ. ಒಮ್ಮೆ ಬಂದುಹೋದವರಿಗೆ ಬೇರೊಂದು ಬಗೆ ತಗುಲಿದರೆ ಎರಡನೆಯದು ಹೆಚ್ಚು ಉಗ್ರವಾಗುವ ಸಂಭವವಿದೆ. ಒಮ್ಮೆ ಬಂದಿದೆ, ಇನ್ನು ಭಯವಿಲ್ಲ ಎನ್ನುವಂತಿಲ್ಲ.

2024ರಲ್ಲಿ ರಾಜ್ಯದಲ್ಲಿ ಡೆಂಗಿ ಏರಿದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಟ್ಟ ಮನೆಗಳಿಗೆ ದಂಡ ಗೊತ್ತುಮಾಡಿತು: ನಗರದಲ್ಲಿ 400 ರೂಪಾಯಿ, ಗ್ರಾಮಗಳಲ್ಲಿ 200. ಕಚೇರಿ, ಅಂಗಡಿಗಳಿಗೂ ಹೆಚ್ಚಿನ ದಂಡವಿದೆ. ಆದರೆ ಸರ್ಕಾರಿ ಕಚೇರಿಗಳ ಅಂಗಳದಲ್ಲಿ ಜಪ್ತಿಯಾದ ಜೀಪು, ಬೈಕುಗಳು ನೀರು ತುಂಬಿಕೊಂಡು ತುಕ್ಕು ಹಿಡಿಯುತ್ತಿರುವಾಗ ಕೂಲಿಕಾರನ ಮನೆಯ ಹಿಂದಿನ ಗೆರಟೆಗೆ 200 ರೂಪಾಯಿ ಬರೆಯಲು ಯಾವ ಅಧಿಕಾರಿಗೂ ಬಾಯಿ ಬಾರದು. ಬಂದರೆ ಅದು ಅನ್ಯಾಯ. ದಂಡಕ್ಕಿಂತ ಕೂಲಿ ಲೇಸು. ಫಾಗಿಂಗಿನ ಡೀಸೆಲ್ಲು, ಔಷಧಿ, ಬಾಡಿಗೆಗೆ ಹೋಗುವ ಹಣದಲ್ಲಿ ಮಳೆಗಾಲದ ನಾಲ್ಕು ತಿಂಗಳು ಪ್ರತಿ ಮಜಿರೆಗೆ ಇಬ್ಬರನ್ನು ಕೂಲಿಗೆ ಹಚ್ಚಿ, ವಯಸ್ಸಾದವರೇ ಉಳಿದಿರುವ ಮನೆಗಳ ಅಂಗಳ, ತೋಟಗಳನ್ನು ವಾರಕ್ಕೊಮ್ಮೆ ನೋಡಿಸಬಹುದು. ಆಶಾ ಕಾರ್ಯಕರ್ತೆಯ ಲಾರ್ವಾ ಸಮೀಕ್ಷೆ ಸಾಮಾನ್ಯವಾಗಿ ಹಿತ್ತಿಲಲ್ಲಿ ಮುಗಿಯುತ್ತದೆ. ಜಾರುವ ದಾರಿಯಲ್ಲಿ ಒಬ್ಬಳೇ ತೋಟಕ್ಕೂ ಇಳಿಯಲಿ ಎಂದು ಅವಳಿಂದ ನಿರೀಕ್ಷಿಸುವುದು ತಪ್ಪು. ಹೈಸ್ಕೂಲಿನ ಮಕ್ಕಳು ಶನಿವಾರ ತಮ್ಮ ತಮ್ಮ ಮನೆಯ ಹಾಳೆ, ಗೆರಟೆಗಳನ್ನು ಎಣಿಸಿ, ಮರಿ ಕಂಡ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ನೀರು ಚೆಲ್ಲಿ ಬಂದರೆ ಸೋಮವಾರದ ಜೀವಶಾಸ್ತ್ರದ ತರಗತಿಗೆ ಬೇರೆ ಪಾಠ ಬೇಕಾಗದು. ಆ ನಕ್ಷೆಗಳನ್ನು ಹಿಡಿದುಕೊಂಡು ರೋಹಿಣಿಗೆ ಮೊದಲಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇಷ್ಟು: ಕಳೆದ ವರ್ಷ ಹೊಗೆಗೆ ಖರ್ಚಾದ ಹಣವೆಷ್ಟು, ನೀರು ಚೆಲ್ಲುವ ಕೆಲಸಕ್ಕೆ ಖರ್ಚಾದದ್ದೆಷ್ಟು?